ಬೆಟಗೇರಿಯ ಬಣ್ಣದ ತೊಟ್ಟಿಗಿಳಿದ ಯಂತ್ರ

ಕಳೆದ ವಾರ ಬೆಟಗೇರಿಯ ಬಣ್ಣಗಾರರ ಓಣಿಯನ್ನು ಹಾದು ಹೋಗುತ್ತಿದ್ದಾಗ ಕುದಿಯುವ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಸೋಡಾ, ಉಪ್ಪು, ಒದ್ದೆ ನೂಲು, ಸೌದೆಯ ಹೊಗೆ ಬೆರೆತ ಆ ವಾಸನೆಯಲ್ಲಿಯೇ ನಾನು ಹುಟ್ಟಿ ಬೆಳೆದವನು. ನೇಕಾರರ ಮನೆಯ ಮಗನಿಗೆ ಅದರಿಂದ ಮಗ್ಗವೋ ಸೀರೆಯೋ ನೆನಪಾಗಬೇಕು. ನನಗೆ ಈಗ ನೆನಪಾಗುವುದು ಮೂರು ವರ್ಷದ ಹಿಂದಿನ ಒಂದು ಬೇಸಿಗೆ, ಮತ್ತು ಆ ಬೇಸಿಗೆಯಲ್ಲಿ ದಾಳಿಂಬೆ ಕೆಂಪಿನ ನೀರಿನೊಳಗೆ ಮುಳುಗಿ ಕುಳಿತಿದ್ದ ಒಂದು ಯಂತ್ರ.

ಬರೆಯಲು ಕುಳಿತದ್ದಕ್ಕೆ ವಾಸನೆಯೊಂದೇ ಕಾರಣವಲ್ಲ. ಅದೇ ಓಣಿಯ ತುದಿಯ ಚಹಾದ ಅಂಗಡಿಯಲ್ಲಿ ಒಬ್ಬ ತರುಣ ನನ್ನ ಗುರುತು ಹಿಡಿದು, ನನ್ನ ಕಥೆಯನ್ನು ನನ್ನೆದುರಿಗೇ ತನ್ನ ಗೆಳೆಯರಿಗೆ ಹೇಳಿದ. ಎಂಜಿನಿಯರಿಂಗ್ ಕಾಲೇಜಿನವರಿಗೆ ಹತ್ತದ ದೋಷವನ್ನು ನಾಲ್ಕನೇ ಇಯತ್ತೆ ಓದಿದ, ಪಂಪಿನ ಮೋಟಾರಿಗೆ ತಂತಿ ಸುತ್ತುವ ಮುದುಕನೊಬ್ಬ ಕಂಡುಹಿಡಿದನಂತೆ. ಬಣ್ಣದ ನೀರಿನಲ್ಲಿ ಅದ್ದಿ ನೋಡಿ ಎಂದು ಉಪಾಯ ಹೇಳಿಕೊಟ್ಟನಂತೆ. ಪುಸ್ತಕದ ವಿದ್ಯೆ ಅವನ ಮುಂದೆ ತಲೆ ತಗ್ಗಿಸಿತಂತೆ. ಒಂದು ಸಮಾರಂಭದಲ್ಲಿ ನನಗೆ ಶಾಲು ಹೊದಿಸಿದವರೂ ಇದನ್ನೇ ಹೇಳಿದ್ದರು. ಕೇಳುವುದಕ್ಕೆ ಇಂಪಾದ ಕಥೆ. ಆದರೆ ಅದು ಸುಳ್ಳು. ಹೇಳುವವರು ಯಾರೂ ಅಂದು ಅಲ್ಲಿರಲಿಲ್ಲ, ನಾನಿದ್ದೆ. ನನ್ನ ಹೆಸರಿಗೆ ಅಂಟಿಸಿದ ಕೀರ್ತಿ ಇನ್ನೊಬ್ಬರದು ಎಂದು ತಿಳಿದೂ ಸುಮ್ಮನಿದ್ದರೆ ಆ ಸುಳ್ಳು ನನ್ನದೇ ಆಗುತ್ತದೆ.

ಮತ್ತೊಬ್ಬರು ಹೇಳಿದ್ದನ್ನು ಹಾಗೆಯೇ ನಂಬುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ. ನಾನು ಸಣ್ಣವನಿದ್ದಾಗ ನಮ್ಮ ಓಣಿಯ ಹಳೆಯ ಬಾವಿಯಿಂದ ಲಕ್ಕುಂಡಿಯವರೆಗೆ ಸುರಂಗವಿದೆ ಎಂದು ಹಿರಿಯರೆಲ್ಲ ಹೇಳುತ್ತಿದ್ದರು. ಹದಿಹರೆಯದಲ್ಲಿ, ನೀರು ಬತ್ತಿದ ಒಂದು ಬೇಸಿಗೆ, ಕಂದೀಲು ಹಿಡಿದು ಇಳಿದು ನೋಡಿದೆ. ಸುರಂಗದ ಬಾಯಿ ಎಂದು ಅವರು ತೋರಿಸುತ್ತಿದ್ದುದು ಗೋಡೆಯಲ್ಲಿ ದೀಪ ಇಡುವ ಗೂಡು. ಒಳಗೆ ಒಂದು ಕಪ್ಪೆ ಕುಳಿತಿತ್ತು. ಮೇಲೆ ಬಂದು ಹೇಳಿದಾಗ ಯಾರಿಗೂ ಸಂತೋಷವಾಗಲಿಲ್ಲ. ಶಾಲೆಯನ್ನು ಬಡತನ ಬಿಡಿಸಿತು. ಓದನ್ನು ಬಿಡಿಸಲು ಅದಕ್ಕಾಗಲಿಲ್ಲ. ಮಗ್ಗ ಬಿಟ್ಟು ಗದುಗಿನಲ್ಲಿ ಮೋಟಾರು ಕಟ್ಟುವ ಅಂಗಡಿಗೆ ಸೇರಿದೆ, ಮುಂದೆ ಬೆಟಗೇರಿಯಲ್ಲಿ ನನ್ನದೇ ಅಂಗಡಿ ತೆರೆದೆ. ಸಂಜೆಗೆ ಗ್ರಂಥಾಲಯದಲ್ಲಿ ಕುಳಿತು ವಿದ್ಯುತ್ತಿನ ಪುಸ್ತಕಗಳನ್ನೂ, ಅವು ಅರ್ಥವಾಗಲೆಂದು ಗಣಿತವನ್ನೂ, ಗಣಿತ ಅರ್ಥವಾಗಲೆಂದು ಇಂಗ್ಲಿಷನ್ನೂ ಕಲಿತೆ. ಕಲಿಸುವವರಿಲ್ಲದವನಿಗೆ ಒಂದು ಅನುಕೂಲವಿದೆ: ಪ್ರತಿಯೊಂದನ್ನೂ ತಾನೇ ಪರೀಕ್ಷಿಸಬೇಕಾಗುತ್ತದೆ.

ಆ ವರ್ಷದ ಚಳಿಗಾಲ ಮುಗಿಯುವ ಹೊತ್ತಿಗೆ ರೇಣುಕಾ ನನ್ನ ಅಂಗಡಿಗೆ ಬಂದಳು. ಹಿರೇಹಂದಿಗೋಳದ ರೈತ ಫಕ್ಕೀರಪ್ಪನ ಮಗಳು. ಗದುಗಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷ. ಫಕ್ಕೀರಪ್ಪನ ಕೊಳವೆಬಾವಿಯ ಮೋಟಾರು ಸುಟ್ಟಾಗಲೆಲ್ಲ ನನ್ನಲ್ಲಿಗೇ ಬರುತ್ತಿದ್ದುದರಿಂದ ಅವಳನ್ನು ಅವನ ಟ್ರ್ಯಾಕ್ಟರಿನ ಹಿಂದೆ ಕುಳಿತಿರುತ್ತಿದ್ದ ಕೂಸಾಗಿ ಕಂಡಿದ್ದೆ. ಈಗ ಎತ್ತರದ, ಮಾತು ಕಡಿಮೆಯ, ಎದುರಿಗಿದ್ದವರ ಮಾತು ಮುಗಿದ ಮೇಲೂ ಒಂದು ಕ್ಷಣ ತಡೆದು ಉತ್ತರಿಸುವ ಹುಡುಗಿಯಾಗಿದ್ದಳು. ಬಂದವಳು ಕುಶಲ ಕೇಳಿ ನೇರ ವಿಷಯಕ್ಕಿಳಿದಳು.

“ಅಜ್ಜಾರ, ನಮ್ಮಪ್ಪನ ಬೋರಿನ ಮೋಟರ್ ಮ್ಯಾಲ ಎತ್ತದನ ಒಳಗ ಏನಾಗೇತಿ ಅಂತ ಹೇಳ್ತೀರಲ್ಲ, ಅದು ಹೆಂಗ್ರಿ?”

“ವಾಯರಿಗೆ ಮೀಟರ್ ಹಚ್ಚಿ ಎಷ್ಟು ಕರೆಂಟ್ ತಗೊಳ್ಳಾಕತ್ತೈತಿ ನೋಡ್ತೇನಿ ತಂಗಿ. ರಾಡಿ ಜಗ್ಗಾಕತ್ತಿದ್ರ ಹೆಚ್ಚು ತಗೊಂತೈತಿ. ನೀರ ಇಲ್ಲದ ಬರೇ ಗಾಳಿ ತಿರುವಾಕತ್ತಿದ್ರ ಕಡಿಮಿ.”

“ನನಗೂ ಅಷ್ಟ ಬೇಕಾಗೇತ್ರಿ,” ಎಂದಳು. “ಅದನ್ನ ಒಂದು ಯಂತ್ರಕ್ಕ ಕಲಿಸಬೇಕು.”

ಮರುದಿನ ಅವಳೂ, ಅವಳ ಜೊತೆಗಾರ, ಲಕ್ಷ್ಮೇಶ್ವರದ ಇರ್ಫಾನನೂ ಯಂತ್ರವನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಕೊಳವೆಬಾವಿಯ ಕೇಸಿಂಗ್ ಪೈಪಿನಷ್ಟು ದಪ್ಪದ, ಒಬ್ಬ ಆಳು ಅಪ್ಪಿ ಎತ್ತಬಹುದಾದ ಬಿಳಿಯ ಕೊಳವೆ. ಒಳಗೆ ಬ್ಯಾಟರಿ, ಅಂಗೈಯಗಲದ ಕಂಪ್ಯೂಟರು, ಆಳ ಅಳೆಯುವ ಒಂದು ಸಾಧನ, ದಿಕ್ಕು ತಿಳಿಸುವ ಇನ್ನೊಂದು. ಹೊರಗೆ ಮುಷ್ಟಿಗಾತ್ರದ ಮೋಟಾರುಗಳು, ಪ್ರತಿಯೊಂದಕ್ಕೂ ಒಂದೊಂದು ರೆಕ್ಕೆಯ ಚಕ್ರ. ಮೂತಿಯಲ್ಲಿ ಶಬ್ದ ಬಿಟ್ಟು ಅದರ ಮರುದನಿಯಿಂದ ಎದುರಿಗೇನಿದೆ ಎಂದು ತಿಳಿಯುವ ಸೋನಾರ್. ಇದು ಸ್ವಾಯತ್ತ ಜಲಾಂತರ ವಾಹನ ಎಂದು ಇರ್ಫಾನ್ ವಿವರಿಸಿದ. ಹಗ್ಗವಿಲ್ಲ, ನಡೆಸುವವರಿಲ್ಲ, ನೀರಿಗೆ ಬಿಟ್ಟರೆ ತಾನೇ ಮುಳುಗಿ, ತಾನೇ ದಾರಿ ನಿರ್ಧರಿಸಿ, ಕೆಲಸ ಮುಗಿಸಿ ತಾನೇ ತಿರುಗಿ ಬರಬೇಕು.

ನಾನು ನಂಬಲಿಲ್ಲ. ನಲವತ್ತು ವರ್ಷ ನೀರಿಗೆ ಮೋಟಾರು ಇಳಿಸಿದವನು ನಾನು. ಹಗ್ಗ ಕಟ್ಟದೆ ಒಂದನ್ನೂ ಇಳಿಸಿದವನಲ್ಲ. ಅವರಿಬ್ಬರೂ ಬೇಸರಿಸದೆ ನನಗೆ ಪಾಠ ಹೇಳಿದರು. ನೀರಿನೊಳಗೆ ರೇಡಿಯೊ ಅಲೆ ಬಹುಬೇಗ ಸೋತುಹೋಗುತ್ತದೆ; ಆದ್ದರಿಂದ ಮೊಬೈಲು ನಡೆಯುವುದಿಲ್ಲ, ಉಪಗ್ರಹ ನೋಡಿ ದಾರಿ ಹೇಳುವ ವ್ಯವಸ್ಥೆಯೂ ನಡೆಯುವುದಿಲ್ಲ. ಕಣ್ಣು ಕಟ್ಟಿಕೊಂಡವನು ಹೆಜ್ಜೆ ಎಣಿಸಿಕೊಂಡು ಮನೆ ಸೇರುವಂತೆ ಯಂತ್ರ ತನ್ನ ವೇಗವನ್ನೂ ದಿಕ್ಕನ್ನೂ ಕೂಡುತ್ತ ಹೋಗಬೇಕು. ತಳಕ್ಕೆ ಶಬ್ದ ಬಿಟ್ಟು ವೇಗ ಅಳೆಯುವ ಸಾಧನಗಳಿವೆ, ಆದರೆ ಒಂದು ಜಿಲ್ಲಾ ಕಾಲೇಜಿನ ಕೈಗೆ ಎಟುಕುವಂಥವಲ್ಲ. ರೇಣುಕಾಳ ಹೊಸ ವಿಚಾರ ಇಲ್ಲಿತ್ತು. ಪ್ರತಿ ಮೋಟಾರು ಎಳೆಯುವ ಕರೆಂಟಿನಿಂದಲೇ ನೀರು ಎಷ್ಟು ತಡೆಯುತ್ತಿದೆ, ಯಾವ ಕಡೆಯಿಂದ ಸೆಳೆಯುತ್ತಿದೆ ಎಂಬುದನ್ನು ಯಂತ್ರ ತಾನೇ ಕಲಿತುಕೊಳ್ಳಬೇಕು. ಪ್ರತಿ ಸಲ ನೀರಿಗಿಳಿದಾಗಲೂ ತನ್ನ ಅಂದಾಜನ್ನು ತಾನೇ ತಿದ್ದಿಕೊಳ್ಳಬೇಕು. ನಾನು ಮೀಟರಿನ ಮುಳ್ಳು ನೋಡಿ ಪಾತಾಳದ ಸಂಗತಿ ಊಹಿಸುತ್ತಿದ್ದುದನ್ನು ಅವಳು ಲೆಕ್ಕವಾಗಿ ಬರೆಯಲು ಹೊರಟಿದ್ದಳು. ನನ್ನ ಕಸುಬಿನೊಳಗೆ ಇಷ್ಟು ಅಡಗಿದೆ ಎಂದು ನನಗೇ ಗೊತ್ತಿರಲಿಲ್ಲ. ಅಂದು ಮನೆಗೆ ಹೋಗುವಾಗ ನನ್ನ ನಡಿಗೆ ಎಂದಿಗಿಂತ ಚುರುಕಾಗಿತ್ತು ಎಂದು ನನ್ನ ಹೆಂಡತಿ ಹೇಳಿದಳು. ಅದನ್ನು ಮಾತ್ರ ನಾನು ಪರೀಕ್ಷಿಸಲಿಲ್ಲ.

ಅವಳಿಗೆ ಇದ್ದ ಅವಸರವನ್ನೂ ಹೇಳಬೇಕು. ಕರಾವಳಿಯ ಒಂದು ಸಾಗರ ಸಂಶೋಧನಾ ಸಂಸ್ಥೆ, ವಿದ್ಯಾರ್ಥಿಗಳು ಕಟ್ಟಿದ ಯಂತ್ರಗಳಲ್ಲಿ ಒಂದನ್ನು ಆರಿಸಿ, ಕಟ್ಟಿದವರೊಡನೆ ಹಡಗಿನಲ್ಲಿ ಸಮುದ್ರಕ್ಕೆ ಒಯ್ಯುವುದಾಗಿ ತಿಳಿಸಿತ್ತು. ಅಲ್ಲಿಯ ಹಿರಿಯ ವಿಜ್ಞಾನಿಯೊಬ್ಬರು, ಎಲ್ಲರೂ ಮೇಡಂ ಎನ್ನುತ್ತಿದ್ದ ಗಂಭೀರ ಹೆಂಗಸು, ಚಳಿಗಾಲದಲ್ಲಿ ಒಮ್ಮೆ ಬಂದು ನೋಡಿದ್ದರು. ಅಂದು ಯಂತ್ರ ಶಿರಹಟ್ಟಿ ಕಡೆಯ ಒಂದು ಕೆರೆಯಲ್ಲಿ ಮುಳುಗಿ, ಒಳಗೆ ನೀರು ತುಂಬಿಕೊಂಡು, ಹಗ್ಗ ಹಿಡಿದು ಎಳೆಯುವಂತಾಗಿತ್ತು. ಮಳೆಗಾಲ ಹಿಡಿದ ಮೇಲೆ ಇನ್ನೊಮ್ಮೆ ಬರುವೆ, ಆಗ ಒಳಗೆ ಒಣಗಿರಬೇಕು ಎಂದಷ್ಟೇ ಹೇಳಿ ಅವರು ಹೋದರು. ಮಳೆಗಾಲಕ್ಕೆ ರೇಣುಕಾಳ ಓದು ಮುಗಿಯುತ್ತದೆ. ಅವಳಿಗಿಂತ ಹಿಂದಿನ ತಂಡದವರು ಕಟ್ಟಿದ ಯಂತ್ರ ಕಾಲೇಜಿನ ಉಗ್ರಾಣದಲ್ಲಿ ಬಿದ್ದಿತ್ತು. ಅದರ ಕೊಳವೆಯಲ್ಲಿ ಯಾರೋ ಪೊರಕೆ ನಿಲ್ಲಿಸಿದ್ದರು. ಅವಳು ಅದನ್ನು ನನಗೆ ಒಮ್ಮೆ ತೋರಿಸಿದ್ದಳು. ಸಮುದ್ರವನ್ನು ಅವಳು ಕಂಡವಳಲ್ಲ. ಹಡಗಿನ ಮೇಲೆ ನಿಂತು ತನ್ನ ಯಂತ್ರವನ್ನು ತಾನೇ ಕೈಯಾರೆ ಬಿಡಬೇಕೆಂಬ ಒಂದೇ ಆಸೆ ಅವಳಿಗಿತ್ತು.

ಬೇಸಿಗೆಯೆಲ್ಲ ನನ್ನ ಅಂಗಡಿಯ ಹಿಂಬದಿಯಲ್ಲಿ ಕೆಲಸ ನಡೆಯಿತು. ಹಳೆಯ ಸಣ್ಣ ಮೋಟಾರುಗಳನ್ನು ಬಿಚ್ಚಿ ನಾನು ಹೊಸದಾಗಿ ತಂತಿ ಸುತ್ತಿದೆ. ಕೂದಲೆಳೆಯ ತಾಮ್ರ, ನೇಕಾರನ ಬೆರಳಿಗೆ ಸಲೀಸು. ಕರೆಂಟಿನ ಏರಿಳಿತವನ್ನು ಅವಳು ದಾಖಲಿಸಿ ಇರ್ಫಾನನ ಲೆಕ್ಕಕ್ಕೆ ಕೊಟ್ಟಳು. ಆದರೆ ಸೋರಿಕೆ ಮಾತ್ರ ಹೋಗಲಿಲ್ಲ. ಬಕೆಟ್ಟಿನಲ್ಲಿ ಇಳಿಸಿದರೆ ಸೋರುವುದಿಲ್ಲ. ಡ್ರಮ್ಮಿನಲ್ಲಿ ಬಹಳ ಹೊತ್ತು ಬಿಟ್ಟರೆ ಒಂದೆರಡು ಹನಿ. ಅಂತರ್ಜಾಲದಲ್ಲಿ ನೋಡಿದರೂ ಕೈಪಿಡಿ ನೋಡಿದರೂ ದೂರು ಒಂದೇ: ಮುಚ್ಚಳದ ರಬ್ಬರು ಬಳೆ. ಆ ಬಳೆಯನ್ನು ಅವರು ಎಷ್ಟು ಸಲ ಬದಲಿಸಿದ್ದರೋ. ನಾನು ಆ ಮಾತನ್ನು ಒಪ್ಪಲಿಲ್ಲ. ತಪ್ಪು ಮೋಟಾರಿನ ಶಾಫ್ಟಿನಲ್ಲಿದೆ ಎಂದು ಪಟ್ಟು ಹಿಡಿದೆ. ನೀರು ಒಳಗೆ ಬರುವುದಿದ್ದರೆ ತಿರುಗುವ ಭಾಗದಿಂದಲೇ ಬರಬೇಕು; ನನ್ನ ಇಡೀ ಜೀವನದ ಅನುಭವ ಅದನ್ನೇ ಹೇಳುತ್ತಿತ್ತು. ಹನಿ ಎಲ್ಲಿಂದ ಬಂತೆಂದು ತೋರಿಸಲು ನೀರಿಗೆ ಬಾಯಿಲ್ಲ. ಒರೆಸಿದರೆ ಹೋಯಿತು, ಒಣಗಿದರೆ ಹೋಯಿತು. ಹೆಜ್ಜೆ ಗುರುತೇ ಇಲ್ಲದ ಕಳ್ಳ.

ಯಂತ್ರವನ್ನು ಪೂರ್ತಿ ಮುಳುಗಿಸಿ ಅರ್ಧ ದಿನ ಬಿಡಲು ದೊಡ್ಡ ತೊಟ್ಟಿ ಬೇಕಾಯಿತು. ನಮ್ಮ ಗದುಗು-ಬೆಟಗೇರಿ ಅವಳಿ ಊರಿನ ಬೇಸಿಗೆ ಬಲ್ಲವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ನಳಕ್ಕೆ ನೀರು ಬರುವ ದಿನವನ್ನು ಜನ ಹಬ್ಬದಂತೆ ಕಾಯುತ್ತಾರೆ. ಒಂದು ಡಬ್ಬಿ ಮುಳುಗಿಸಲು ತೊಟ್ಟಿ ತುಂಬ ನೀರು ಕೊಡಿ ಎಂದು ಯಾವ ಮನೆಯ ಮುಂದೆ ನಿಂತು ಕೇಳುವುದು? ಆಗ ನನಗೆ ನೆನಪಾದದ್ದು ಬಾಲ್ಯದ ಗೆಳೆಯ, ನೂಲಿಗೆ ಬಣ್ಣ ಹಾಕುವ ಹನಮಂತಪ್ಪ. ಅವನ ಅಂಗಳದಲ್ಲಿ ಸಿಮೆಂಟಿನ ದೊಡ್ಡ ತೊಟ್ಟಿಯಿದೆ. ನಾವು ಹೋದಾಗ ಅದರಲ್ಲಿ ಸೀರೆಯ ದಡಿಯ ನೂಲಿಗೆ ಹಾಕಿ ಉಳಿದ ಕೆಂಪು ನೀರು ತುಂಬಿತ್ತು. ಇದನ್ನು ಚೆಲ್ಲಿ ತಿಳಿನೀರು ತುಂಬಿಸಿಕೊಡು ಎಂದು ಕೇಳಿದೆ. ಅವನು ನೂಲಿನ ಲಡಿಗಳನ್ನು ಹಿಂಡುತ್ತಲೇ ನನ್ನ ಮುಖ ನೋಡಿದ.

“ಕುಡಿಯೋ ನೀರಿಗೆ ನಮ್ಮಾಕಿ ಮುಂಜಾನಿಂದ ಕೊಡ ಹಿಡಕೊಂಡು ನಿಂತಾಳ. ನಿಮ್ಮ ಡಬ್ಬಿ ಜಳಕಾ ಮಾಡಸಾಕ ಹೊಸಾ ನೀರ ಎಲ್ಲಿಂದ ತರಲೋ? ಈ ನೀರಾಗ ಇನ್ನೂ ಎರಡು ಸಲ ಬಣ್ಣ ಐತಿ. ಮುಳಗಸೂದಿದ್ರ ಇದರಾಗ ಮುಳಗಸ್ರಿ, ಇಲ್ಲಾಂದ್ರ ಎತ್ತಗೊಂಡ ಹೋಗ್ರಿ.”

ಬಣ್ಣಗಾರನು ತೊಟ್ಟಿಯ ನೀರನ್ನು ಒಂದೇ ಸಲಕ್ಕೆ ಚೆಲ್ಲುವುದಿಲ್ಲ. ಮೊದಲು ಅದ್ದಿದ ನೂಲಿಗೆ ಗಾಢ ಬಣ್ಣ, ಮುಂದಿನದಕ್ಕೆ ತಿಳಿ, ಕೊನೆಯದಕ್ಕೆ ಬರೀ ಛಾಯೆ. ಬಣ್ಣವೆಲ್ಲ ನೂಲಿಗೆ ಹೋದ ಮೇಲೆಯೇ ನೀರು ಗಟಾರಕ್ಕೆ. ಅದು ಅವರ ಮನೆತನದ ಕಟ್ಟುನಿಟ್ಟು. ಬೇರೆ ದಾರಿಯಿಲ್ಲದೆ ಯಂತ್ರವನ್ನು ಕೆಂಪು ನೀರಿಗೆ ಇಳಿಸಿದೆವು. ಬಣ್ಣದ ನೀರಿನ ಉಪಾಯ ಎಂದು ಊರು ಇಂದು ಹೊಗಳುತ್ತಿರುವುದು ಇದನ್ನೇ. ಉಪಾಯ ಅಲ್ಲಿ ಯಾರಿಗೂ ಇರಲಿಲ್ಲ. ಇದ್ದದ್ದು ನೀರಿನ ಬರ, ಮತ್ತು ಹನಮಂತಪ್ಪನ ಜಿಪುಣತನ.

ಮಧ್ಯಾಹ್ನ ಎತ್ತಿದಾಗ ಬಿಳಿಯ ಯಂತ್ರ ಮದುಮಗಳಂತೆ ಕೆಂಪಾಗಿತ್ತು. ಇರ್ಫಾನನ ಮುಖ ಬಾಡಿತು. ಆ ಬಿಳಿ ಬಣ್ಣವನ್ನು ಅವನೇ ಬಳಿದಿದ್ದ. ಉಜ್ಜಿದಷ್ಟೂ ಅದು ಇನ್ನಷ್ಟು ಹರಡಿತು. ಹನಮಂತಪ್ಪ, ತನ್ನ ಬಣ್ಣ ಒಮ್ಮೆ ಹತ್ತಿದರೆ ಹೋಗುವುದಿಲ್ಲ ಎಂದು ಜಂಬದಿಂದ ಹೇಳಿದ. ಅಂದಿನಿಂದ ಓಣಿಯವರು ಯಂತ್ರವನ್ನು, ಆಕಳಿಗೆ ಹೆಸರಿಟ್ಟಂತೆ, ಕೆಂಪಿ ಎಂದೇ ಕರೆದರು. ಕಾಲೇಜಿನವರು ಇಟ್ಟಿದ್ದ ಉದ್ದನೆಯ ಇಂಗ್ಲಿಷ್ ಹೆಸರು ಮರೆತೇಹೋಯಿತು.

ಮುಚ್ಚಳ ತೆಗೆದೆವು. ತಳದಲ್ಲಿ ಎಂದಿನಂತೆ ಒಂದೆರಡು ಹನಿ. ಆದರೆ ಈ ಸಲ ಹನಿಗಳು ಕೆಂಪಾಗಿದ್ದವು.

ನಾನು ಹುರುಪಿನಿಂದ ಶಾಫ್ಟ್ ಬಿಚ್ಚಲು ಕೈ ಹಾಕಿದೆ. ರೇಣುಕಾ ನನ್ನ ಕೈಯನ್ನು ಮೆಲ್ಲಗೆ ತಡೆದಳು.

“ಸ್ವಲ್ಪ ತಡೀರಿ ಅಜ್ಜಾರ. ನಾವ್ಯಾರೂ ಹೇಳೂದು ಬ್ಯಾಡ. ಬಣ್ಣನ ಹೇಳಲಿ.”

ಹನಮಂತಪ್ಪನಿಂದ ಬಿಳಿಯ ನೂಲಿನ ಎಳೆಗಳನ್ನು ಇಸಿದುಕೊಂಡು ಅವಳು ಒಂದೊಂದೇ ಜಾಗ ಒರೆಸಿ ನೋಡಿದಳು. ಮುಚ್ಚಳದ ರಬ್ಬರು ಬಳೆಯ ಒಳಗಡೆ: ನೂಲು ಬಿಳಿ. ತಂತಿಗಳು ಕೊಳವೆಯೊಳಗೆ ನುಗ್ಗುವ ಬಿರಡೆಗಳ ಸುತ್ತ: ಬಿಳಿ. ನಾನು ದೂರಿದ ಶಾಫ್ಟಿನ ಹಿಂದೆ, ಕೊಳವೆಯ ಒಳಗೋಡೆ: ಅದೂ ಬಿಳಿ. ನಾನು ಇನ್ನೊಮ್ಮೆ ಒರೆಸಲು ಹೇಳಿದೆ, ಒರೆಸಿದಳು, ಬಿಳಿಯೇ. ಆಮೇಲೆ ಅವಳು ಒಳಗೆ ಕಂಪ್ಯೂಟರಿಗೆ ಸೇರುವ ಮೋಟಾರಿನ ತಂತಿಯೊಂದರ ತುದಿಯನ್ನು ಕತ್ತರಿಸಿ ಬೆಳಕಿಗೆ ಹಿಡಿದಳು. ತಾಮ್ರದ ಎಳೆಗಳ ನಡುವೆ ಕೆಂಪು. ಹೊದಿಕೆಯನ್ನು ಉದ್ದಕ್ಕೆ ಸೀಳಿದಳು. ಆ ತುದಿಯಿಂದ ಈ ತುದಿಯವರೆಗೆ ಕೆಂಪು ಗೆರೆ, ಸೀರೆಯ ದಡಿಯಷ್ಟು ನೇರ.

ಆಗ ಎಲ್ಲವೂ ತಿಳಿಯಾಯಿತು. ಮೋಟಾರುಗಳು ನೀರಿನಲ್ಲೇ ತೊಯ್ದು ತಿರುಗುವಂಥವು, ಅದರಿಂದ ಅವಕ್ಕೆ ಕೇಡಿಲ್ಲ. ಆದರೆ ತಂತಿ ಸುರುಳಿಗೆ ಸೇರುವ ತುದಿ ನೀರಿನಲ್ಲೇ ಇರುತ್ತದೆ. ಅಲ್ಲಿ ತಾಮ್ರದ ಎಳೆಗಳ ನಡುವಿನ ಸಂದಿಯನ್ನು ಹಿಡಿದ ನೀರು, ಹೊದಿಕೆಯ ಒಳಗೊಳಗೇ ಏರಿ, ಬಿರಡೆಯನ್ನೂ ರಬ್ಬರನ್ನೂ ಮುಟ್ಟದೆ, ಯಂತ್ರದ ಹೊಟ್ಟೆಗೆ ಬಂದು ಬೀಳುತ್ತಿತ್ತು. ಲಡಿಯ ಒಂದು ತುದಿ ಬಣ್ಣಕ್ಕೆ ತಾಗಿದರೆ ಸಾಕು, ನೂಲು ಅದನ್ನು ಮೇಲಕ್ಕೆ ಹೀರಿಕೊಳ್ಳುತ್ತದೆ ಎಂಬುದನ್ನು ಆ ಅಂಗಳದಲ್ಲಿದ್ದ ಪ್ರತಿಯೊಬ್ಬನೂ ಬಲ್ಲ. ನಾನೂ ಬಲ್ಲೆ. ತಾಮ್ರವೂ ಎಳೆಗಳಾದಾಗ ನೂಲಿನಂತೆ ವರ್ತಿಸುತ್ತದೆ ಎಂದು ಮಾತ್ರ ನನಗೆ ಹೊಳೆದಿರಲಿಲ್ಲ. ಕೊಳವೆಬಾವಿಯಲ್ಲಿ ತಂತಿಯ ಇನ್ನೊಂದು ತುದಿ ಹೊಲದ ಮೇಲಿನ ಪೆಟ್ಟಿಗೆಯಲ್ಲಿರುತ್ತದೆ. ಅಷ್ಟೆತ್ತರ ನೀರು ಏರುವುದಿಲ್ಲ, ಏರದ್ದನ್ನು ಯಾರೂ ನೋಡುವುದಿಲ್ಲ. ನಲವತ್ತು ವರ್ಷದ ಅನುಭವ ನನಗೆ ಶಾಫ್ಟನ್ನು ತೋರಿಸಿತ್ತು. ಆ ಹುಡುಗಿ ನನ್ನ ಅನುಭವವನ್ನೂ ಕೈಪಿಡಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಎರಡನ್ನೂ ಬದಿಗೆ ಸರಿಸಿ, ನೂಲಿನ ಎಳೆಯಿಂದ ಒರೆಸಿ ನೋಡಿದಳು. ನಾನು ಜೀವಮಾನವೆಲ್ಲ ಬೇರೆಯವರ ಮಾತನ್ನು ಸಂಶಯಿಸಿದವನು. ನನ್ನ ಮಾತನ್ನು ಅಷ್ಟು ಮರ್ಯಾದೆಯಿಂದ ಸಂಶಯಿಸಿದವರನ್ನು ಅಂದೇ ಮೊದಲು ಕಂಡೆ. ನನ್ನ ಎದೆ ಹಿಗ್ಗಿದ್ದು ಆಗ.

“ಈ ವಯಸ್ಸಿನಾಗ ಸೋತಿ ನೋಡಪಾ,” ಎಂದ ಹನಮಂತಪ್ಪ.

“ಸೋಲಲಿ ಬಿಡು,” ಎಂದೆ. “ಸೋಲಿಸಿದಾಕಿ ನಮ್ಮೂರಾಕಿ.”

ಮುಂದಿನದು ಕೈಕೆಲಸ. ಪ್ರತಿ ತಂತಿಯ ನಡುವೆ ಬೆರಳಗಲ ಹೊದಿಕೆ ಸುಲಿದು, ಅಲ್ಲಿ ಎಳೆಗಳ ಸಂದಿಗೆಲ್ಲ ಬೆಸುಗೆಯ ಸೀಸ ಕುಡಿಸಿ ಒಂದೇ ಗಟ್ಟಿ ಕಡ್ಡಿಯಾಗಿಸಿ, ಅದರ ಸುತ್ತ ರಾಳ ಎರೆದು ಬಿಗಿಮಾಡಬೇಕು. ನೀರಿನ ದಾರಿ ಅಲ್ಲಿಗೆ ಕಟ್ಟಾಗುತ್ತದೆ. ಕ್ರಮ ಅವಳು ಹುಡುಕಿ ತಂದದ್ದು, ಬೆಸುಗೆ ನನ್ನದು. ಮತ್ತೆ ಮುಳುಗಿಸುವಾಗ ರೇಣುಕಾ ತಾನಾಗಿಯೇ ಬಣ್ಣದ ನೀರನ್ನು ಬೇಡಿದಳು. ಅಷ್ಟರಲ್ಲಿ ತೊಟ್ಟಿಯ ನೀರು ತಿಳಿಯಾಗಿತ್ತು. ಹನಮಂತಪ್ಪ, ಯಾರೂ ಕೇಳದೆಯೇ, ಹೊಸ ಬಣ್ಣದ ಪುಡಿಯನ್ನು ಮುಷ್ಟಿಗಟ್ಟಲೆ ಸುರಿದ. ಎತ್ತಿ ತೆಗೆದು ನೋಡಿದಾಗ ಒಳಗೆ ಹನಿಯಿಲ್ಲ, ಛಾಯೆಯಿಲ್ಲ.

ಮುಂಗಾರಿನ ಮಿರಗದ ಮಳೆ ಆ ವರ್ಷ ಹೊತ್ತಿಗೆ ಸರಿಯಾಗಿ ಬಂತು. ಎರೆಹೊಲಗಳಲ್ಲಿ ಹೆಸರು ಬಿತ್ತನೆ ನಡೆದಿತ್ತು. ಮೇಡಂ ಆರಿಸಿದ ಜಾಗ ಮುಂಡರಗಿ ಕಡೆಯ ಹೊಳೆಯ ಹಿನ್ನೀರು. ಎಂದೋ ಹೊಲ, ಹಾದಿ, ಜಾಲಿಯ ಸಾಲು ಇದ್ದ ನೆಲ ಈಗ ಕದಡಿದ ನೀರಿನಡಿ ಇದೆ. ಟೆಂಪೋದಲ್ಲಿ ಕೆಂಪಿಯನ್ನು ಗೋಣಿಚೀಲಗಳ ಮೇಲೆ ಮಲಗಿಸಿಕೊಂಡು, ಕಪ್ಪತಗುಡ್ಡದ ಗಾಳಿಕಂಬಗಳನ್ನು ಬಲಕ್ಕೆ ಬಿಟ್ಟು ಹೋದೆವು. ಹನಮಂತಪ್ಪ ತೊಟ್ಟಿ ಬಿಟ್ಟು ಬಂದಿದ್ದ. ಫಕ್ಕೀರಪ್ಪ ಬಿತ್ತನೆಯ ಮಣ್ಣು ಕಾಲಿಗಿರುವಂತೆಯೇ ಬೈಕಿನಲ್ಲಿ ಬಂದು ಮುಟ್ಟಿದ. ದಂಡೆಯ ಮೇಲೆ ಸುತ್ತಲಿನ ಹಳ್ಳಿಗಳ ಜನವೂ ಸೇರಿತ್ತು.

ಮೇಡಂ ನಿಯಮಗಳನ್ನು ತಮ್ಮ ತಿಳಿಯಾದ ಪುಸ್ತಕದ ಕನ್ನಡದಲ್ಲಿ ಹೇಳಿದರು. ಹಗ್ಗ ಕಟ್ಟುವಂತಿಲ್ಲ. ಯಂತ್ರ ಮುಳುಗಿ, ಗೊತ್ತುಮಾಡಿದ ಒಂದು ಸುತ್ತನ್ನು ನೀರಿನಡಿಯಲ್ಲೇ ಹಾಕಿ, ಹೊರಟಲ್ಲಿ ನೆಟ್ಟ ಬಾವುಟದ ಬಳಿ ತಾನೇ ಮೇಲೇಳಬೇಕು. “ನೀವು ಕೈ ಹಾಕಿದರೆ, ಅಥವಾ ಹುಡುಕಲು ಯಾರನ್ನಾದರೂ ಕಳಿಸಿದರೆ, ಪರೀಕ್ಷೆ ಅಲ್ಲಿಗೆ ಮುಗಿಯಿತು. ಒಪ್ಪಿಗೆಯೇ?” ರೇಣುಕಾ ಒಂದು ಕ್ಷಣ ತಡೆದು ಹೌದೆಂದಳು. ಸೊಂಟಮಟ ನೀರಿಗಿಳಿದು ಕೆಂಪಿಯನ್ನು ಕೈಬಿಟ್ಟಳು. ಅದು ಮೂತಿ ತಗ್ಗಿಸಿತು. ನೀರು ಮುಚ್ಚಿಕೊಂಡಿತು.

ಬರಬೇಕಾದ ಹೊತ್ತಿಗೆ ಅದು ಬರಲಿಲ್ಲ.

ಜನ ಮೊದಲು ಪಿಸುಗುಟ್ಟಿದರು, ಕೊನೆಗೆ ಗಟ್ಟಿಯಾಗಿಯೇ ಹೇಳತೊಡಗಿದರು: ಹೂಳಿನಲ್ಲಿ ಹೂತಿದೆ, ಸೆಳವಿಗೆ ಕೊಚ್ಚಿ ಹೋಗಿದೆ, ಮೊಸಳೆ ಎಳೆದಿದೆ. ಹರಗೋಲಿನವನೊಬ್ಬ ಹುಟ್ಟು ಹಿಡಿದು ಸಿದ್ಧನಾಗಿ ನಿಂತಿದ್ದ. ಇರ್ಫಾನ್ ಗಡಿಯಾರ ನೋಡುವುದನ್ನು ಬಿಟ್ಟು ನೆಲ ನೋಡುತ್ತಿದ್ದ. ಫಕ್ಕೀರಪ್ಪ ನನ್ನ ಹತ್ತಿರ ಬಂದು ಕೈಹಿಡಿದ.

“ಕಾಕಾ, ನನ್ನ ಮಾತ ಆಕಿ ಕೇಳಂಗಿಲ್ಲ. ನೀವರ ಹೇಳ್ರಿ. ಹರಗೋಲ ಕಳಸೂಣು. ಸಮುದ್ರ ಹೋದ್ರ ಹೋಗಲಿ, ಕಟ್ಟಿದ್ದರ ಕೈಗೆ ಸಿಗಲಿ.”

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಮನಸ್ಸೂ ಅದನ್ನೇ ಹೇಳುತ್ತಿತ್ತು. ನಾನು ಹೋಗಿ ಅವಳ ಪಕ್ಕದಲ್ಲಿ ನಿಂತೆ. ಅವಳು ನೀರಿನಿಂದ ಕಣ್ಣು ತೆಗೆಯದೆಯೇ ಮಾತಾಡಿದಳು.

“ಅದು ನೀರಿಗಿಂತ ಒಂಚೂರು ಹಗುರ ಐತ್ರಿ. ಒಳಗ ನೀರ ಹೊಕ್ಕರ ಅದಕ್ಕ ಗೊತ್ತಾಗತೈತಿ, ಬ್ಯಾಟರಿ ಇಳಿದರೂ ಗೊತ್ತಾಗತೈತಿ. ಏನರ ಕೆಟ್ಟರ ಮೋಟರ್ ನಿಂತು ತಾನ ಮ್ಯಾಲ ತೇಲತೈತಿ. ತೇಲಿಲ್ಲ ಅಂದ್ರ ಇನ್ನೂ ಕೆಲಸದಾಗ ಐತಿ.”

“ಮುಳುಗಿದ ಜಾಲಿಗಿಡದ ಟೊಂಗ್ಯಾಗ ಸಿಕ್ಕಿದ್ರ?”

“ಅದಕ್ಕ ನನ್ನ ಕಡೆ ಉತ್ತರ ಇಲ್ರಿ.”

“ಮತ್ತ?”

“ಕಾಯ್ತೇನ್ರಿ.”

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದದ್ದರಿಂದಲೇ ಗೊತ್ತಿದೆ ಎಂದದ್ದರ ತೂಕ ನನಗೆ ತಿಳಿಯಿತು. ಅವಳ ಕೈಯಲ್ಲಿ ಪುರಾವೆಯಿರಲಿಲ್ಲ, ನನ್ನ ಕೈಯಲ್ಲೂ ಇರಲಿಲ್ಲ. ನಾನು ತಿರುಗಿ ಬಂದು ಫಕ್ಕೀರಪ್ಪನಿಗೆ ಕುಳಿತುಕೊಳ್ಳಲು ಹೇಳಿದೆ, ನಾನೂ ಕುಳಿತೆ. ಹರಗೋಲಿನವನು ಹುಟ್ಟನ್ನು ಕೆಳಗಿಟ್ಟ. ಒಂದು ಸಣ್ಣ ಮಳೆ ಬಂದು ಹೋಯಿತು. ಯಾರೂ ಎದ್ದು ಮರೆಗೆ ಹೋಗಲಿಲ್ಲ. ಮಳೆ ನಿಂತು ನೀರಿನ ಮೇಲ್ಮೈ ಸಮವಾದಾಗ, ಬಾವುಟದಿಂದ ನಾಲ್ಕು ಮಾರು ಆಚೆ, ಕೆಂಪು ಮೂತಿಯೊಂದು ಸದ್ದಿಲ್ಲದೆ ಮೇಲೆದ್ದಿತು.

ಹನಮಂತಪ್ಪ, ಎಂದೂ ಯಾರನ್ನೂ ಹೊಗಳದವನು, ಎದ್ದು ನಿಂತು ತಲೆಯ ಟೊಪ್ಪಿಗೆ ತೆಗೆದ. “ಬಣ್ಣ ಬಿಟ್ಟಿಲ್ಲ ನೋಡು,” ಎಂದ.

ಮೇಡಂ ತಾವೇ ಮುಚ್ಚಳ ತೆಗೆಸಿ ಒಳಗೆ ಕೈಯಾಡಿಸಿದರು. ಒಣಗಿತ್ತು. ಅವರು ರೇಣುಕಾಳಿಗೆ ಕೇಳಿಸುವಷ್ಟೇ ಮೆಲ್ಲಗೆ, “ಮಳೆ ನಿಂತ ಮೇಲೆ ಹಡಗು ಹೊರಡುತ್ತದೆ. ಇದನ್ನು ತನ್ನಿ, ನೀವೂ ಬನ್ನಿ,” ಎಂದರು. ಫಕ್ಕೀರಪ್ಪನಿಗೆ ಅದು ಕೇಳಿಸಿರಲಿಲ್ಲ. ಮಗಳ ಮುಖ ನೋಡಿಯೇ ತಿಳಿದುಕೊಂಡ. ಅವಳು ಹಡಗು ಹತ್ತಿದ್ದು, ನಮ್ಮ ಓಣಿಯ ಕೆಂಪಿ ಸಮುದ್ರದ ತಳ ನೋಡಿ ಬಂದದ್ದು, ಈಗ ಅವಳು ಅಂಥ ಯಂತ್ರಗಳ ನಡುವೆಯೇ ಬದುಕುತ್ತಿರುವುದು ಎಲ್ಲವನ್ನೂ ಊರು ಬಲ್ಲದು. ಅದಕ್ಕೆ ನನ್ನ ಸಾಕ್ಷಿ ಬೇಕಿಲ್ಲ. ಯಾರೂ ಹೇಳದಿರುವುದು ಆ ಮಧ್ಯಾಹ್ನದ ಉಳಿದ ಭಾಗ.

ದಂಡೆಯ ಬೇವಿನ ಕೆಳಗೆ ಬುತ್ತಿ ಬಿಚ್ಚಿದ್ದರು. ಯಂತ್ರ ತಡವಾದದ್ದು ಹೊಳೆಯ ಸೆಳವಿನಿಂದ ಎಂಬ ತೀರ್ಮಾನ ರೊಟ್ಟಿ ಮುರಿಯುವ ಮೊದಲೇ ಆಗಿಹೋಗಿತ್ತು. ಕಾಲೇಜಿನವರೂ ಹಾಗೇ ಹೇಳುತ್ತಿದ್ದರು. ರೇಣುಕಾ ಊಟಕ್ಕೆ ಬರಲಿಲ್ಲ. ಕಲ್ಲಿನ ಮೇಲೆ ಕುಳಿತು, ಯಂತ್ರ ಬರೆದಿಟ್ಟುಕೊಂಡ ಲೆಕ್ಕವನ್ನು ಲ್ಯಾಪ್‌ಟಾಪಿನಲ್ಲಿ ಓದುತ್ತಿದ್ದಳು. ಬಿಸಿಲು ಬಿದ್ದು ಪರದೆ ಕಾಣದಾದಾಗ ನಾನು ಹೆಗಲ ವಸ್ತ್ರವನ್ನು ಅಡ್ಡ ಹಿಡಿದೆ. ಗೆದ್ದವರು ಗೆದ್ದದ್ದು ಹೇಗೆಂದು ಅಷ್ಟು ಕಟ್ಟುನಿಟ್ಟಾಗಿ ವಿಚಾರಿಸುವುದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

“ಸೆಳವಲ್ಲರಿ ಅಜ್ಜಾರ,” ಎಂದಳು ಕೊನೆಗೆ. “ಇಲ್ಲಿ ನಿಂತೈತಿ. ಹಿಂದ ಸರದೈತಿ. ಎಡಕ್ಕ ಹೋಗಿ ನೋಡೈತಿ, ಆಗಿಲ್ಲ. ಬಲಕ್ಕ ದೊಡ್ಡ ಸುತ್ತ ಹಾಕಿ ಬಂದೈತಿ. ಎದುರಿಗೆ ಏನೋ ಐತಿ ಅಂತ ಅದಕ್ಕ ಅನಿಸೈತಿ. ಈ ಸುತ್ತು ನಾ ಬರದ ಕೊಟ್ಟಿದ್ದಲ್ಲ.”

“ಅಂದ್ರ ಗಿಡಾನ ಇರಬೇಕು.”

“ಇರಬಹುದು. ಇಲ್ಲಾ ರಾಡಿ ನೀರಾಗ ಸೋನಾರ್ ಸುಳ್ಳ ಹೇಳಿರಬಹುದು. ಸುಳ್ಳ ಕೇಳಿ ಸರಿಯಾಗಿ ಬಂದಿದ್ರ ಅದು ನಸೀಬ. ಸಮುದ್ರದಾಗ ನಸೀಬ ನಡಿಯಂಗಿಲ್ಲ.”

ಅವಳು ಎದ್ದು ಹರಗೋಲಿನವನ ಹತ್ತಿರ ಹೋದಳು. ಊಟ ಬಿಟ್ಟು ನಾನೂ ಹತ್ತಿದೆ. ಯಂತ್ರದ ಲೆಕ್ಕದಲ್ಲಿದ್ದ ಜಾಗವನ್ನು ಮೊಬೈಲಿನಲ್ಲಿ ನೋಡುತ್ತ ಅವಳು ಎಡ, ಬಲ ಎಂದು ಹೇಳಿದಳು. ಹರಗೋಲು ತಿರುತಿರುಗಿ ಸಾಗಿತು. ಮೇಲೆ ನೋಡಿದರೆ ಏನೂ ಇಲ್ಲ, ಮಣ್ಣುಬಣ್ಣದ ನೀರು, ನಮ್ಮದೇ ನೆರಳು. ಇಲ್ಲಿ ಎಂದಳು. ಉದ್ದದ ಬಿದಿರುಗಣೆ ತೆಗೆದುಕೊಂಡು ನೀರಿಗಿಳಿಸಿದಳು. ಮೊದಲನೆಯ ಸಲ ಏನೂ ತಾಗಲಿಲ್ಲ. ಎರಡನೆಯ ಸಲವೂ ಇಲ್ಲ. ತುಸು ಮುಂದೆ ಸರಿದು ಮತ್ತೆ ಇಳಿಸಿದಳು. ಗಣೆ ನಿಂತಿತು. ಅವಳು ಒತ್ತಿದಳು, ಅಡಿಯಲ್ಲಿದ್ದದ್ದು ಬಾಗಿ, ಮರಳಿ ಅವಳ ಕೈಯನ್ನು ನೂಕಿತು. ಕಲ್ಲಾಗಲಿ ಹೂಳಾಗಲಿ ಹಾಗೆ ನೂಕುವುದಿಲ್ಲ. ಅವಳ ಮುಖ ಅರಳಿತು. ಗಣೆಯನ್ನು ಮೇಲೆತ್ತಿ ನನ್ನ ಕೈಗೆ ಕೊಟ್ಟಳು.

“ನೀವೂ ನೋಡ್ರಿ,” ಎಂದಳು.

ನಾನು ಗಣೆಯನ್ನು ಇಳಿಸಿದೆ. ಗಿಡ ಅಲ್ಲಿತ್ತು.